ಭೀಮೆಯ ದಡದ ಅಲ್ಪಾಯುಷಿ ನಗರ

ಜೇವರ್ಗಿಯಿಂದ ಕಲಬುರಗಿಗೆ ಹೋಗುವವರು ಭೀಮಾ ನದಿ ದಾಟಿದ ಬಳಿಕ ಸಿಗುವ ಫಿರೋಜಾಬಾದನ್ನು ಹಾಳುಕೋಟೆ ಎಂದುಕೊಂಡು ಮುಂದೆ ಸಾಗುತ್ತಾರೆ. ಬಹಮನಿ ಸುಲ್ತಾನ ಫಿರೋಜ್ ಶಾಹ 1400ರ ಸುಮಾರಿಗೆ ಕಟ್ಟಿಸಿದ ಈ ಅರಮನೆ ನಗರ ಸೋತ ಊರಲ್ಲ ಎಂಬುದು ನನ್ನ ವಾದ. ಅದರ ಕಟ್ಟೋಣವನ್ನೇ ನೋಡಿ. ಪಡುವಣಕ್ಕೆ ಭೀಮೆಯೇ ಕಾವಲು; ಉಳಿದ ಮೂರು ಕಡೆ ಬುರುಜುಗಳುಳ್ಳ ಕಲ್ಲಿನ ಗೋಡೆ, ಕಮಾನಿನ ಹೆಬ್ಬಾಗಿಲುಗಳು. ಒಳಗೆ ವಿಶಾಲವಾದ ಜಾಮಿ ಮಸೀದಿ, ಅರಮನೆಯ ಆವರಣ, ಗುಮ್ಮಟವಿರುವ ಹಮಾಮು. ಅವಸರದಲ್ಲಿ ಎಬ್ಬಿಸಿದ ದಂಡಿನ ಬೀಡು ಹೀಗಿರುವುದಿಲ್ಲ. ಅಷ್ಟು ಗಟ್ಟಿಯಾಗಿದ್ದರೆ ಬಿಟ್ಟುಹೋದದ್ದೇಕೆ ಎಂದು ಕೇಳಬಹುದು. 1422ರಲ್ಲಿ ಪಟ್ಟವೇರಿದ ತಮ್ಮ ಅಹಮದ್ ಶಾಹ ರಾಜಧಾನಿಯನ್ನು ಬೀದರಿಗೆ ಒಯ್ದ. ಅರಸನ ಹಿಂದೆಯೇ ಅವನ ಪರಿವಾರ, ಕುಶಲಕರ್ಮಿಗಳು, ಹಣ ಎಲ್ಲವೂ ಹೋದವು. ಅರಸನಿಗಾಗಿ ಹುಟ್ಟಿದ ಊರಿನ ಆಯುಷ್ಯವೂ ಅರಸನಷ್ಟೇ.

ಪೆರು ದೇಶದ ಬೆಟ್ಟದ ಮೇಲಿನ ಮಾಚು ಪಿಚುವಿನ ಕಥೆಯೂ ಹೆಚ್ಚು ಬೇರೆಯಲ್ಲ. ಇದೇ 15ನೆಯ ಶತಮಾನದಲ್ಲಿ ಇಂಕಾ ದೊರೆ ಪಚಾಕುಟಿಗಾಗಿ ಎದ್ದು, ಸುಮಾರು ನೂರು ವರ್ಷದಲ್ಲೇ ಬರಿದಾಯಿತು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಆ ಕೌಶಲ ಇಲ್ಲಿಲ್ಲ, ಒಪ್ಪುತ್ತೇನೆ. ಆದರೆ ಇಂಕಾ ಕಟ್ಟಡಗಳಲ್ಲಿ ಕಾಣದ ಕಮಾನು ಮತ್ತು ಗುಮ್ಮಟಗಳು ನಮ್ಮ ಭೀಮೆಯ ದಡದಲ್ಲಿವೆ. ಆ ನಗರ 1983ರಲ್ಲೇ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಈ ನಗರವನ್ನು ನೋಡಲು ಜೇವರ್ಗಿಯ ಶಾಲಾ ಮಕ್ಕಳಿಗೆ ಒಂದು ಬೆಳಗು ಸಾಕು.