ಶತಮಾನದ ಸಂಕ್ಷಿಪ್ತ ಚರಿತ್ರೆ ಮತ್ತು ನಮ್ಮ ಅಂಚಿನ ಟಿಪ್ಪಣಿ

(ಅಲೀಪುರದ ಓದುಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಇಪ್ಪತ್ತನೆಯ ಶತಮಾನದ ಇತಿಹಾಸವನ್ನು ಒಂದೇ ಪುಸ್ತಕದಲ್ಲಿ ಓದಿಕೊಳ್ಳುವುದು ಹೇಗೆಂದು ಮಾತನಾಡಬೇಕೆಂದು ಈ ಕೂಟದ ಯುವಕರು ನನ್ನನ್ನು ಕೇಳಿಕೊಂಡಿದ್ದಾರೆ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುತ್ತಿರುವವರಿಗೆ ಅಂಥ ಪುಸ್ತಕ ಅಗತ್ಯ. ಅದನ್ನು ಓದಿ ಮುಗಿಸುವುದು ಸುಲಭ. ಮುಗಿಸಿದ ಮೇಲೆ ಎಲ್ಲವೂ ತಿಳಿಯಿತೆಂಬ ಭ್ರಮೆಯಿಂದ ಪಾರಾಗುವುದು ಕಷ್ಟ. ಇಂದು ನಾನು ಈ ಕಷ್ಟದ ಕುರಿತೇ ಮಾತನಾಡುತ್ತೇನೆ.

ಮದ್ರಸದ ವ್ಯಾಸಂಗ ಮುಗಿಸಿ ಬಿ.ಎ. ತರಗತಿಗೆ ಸೇರಿದ ವರ್ಷ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯಲ್ಲಿ ನಾನು ಇಂಥದೊಂದು ಪುಸ್ತಕವನ್ನು ಕೊಂಡಿದ್ದೆ. 1914ರಲ್ಲಿ ಸರಾಯೆವೊದಲ್ಲಿ ಹಾರಿದ ಗುಂಡಿನಿಂದ ಹಿಡಿದು 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದು ಬಿದ್ದವರೆಗಿನ ಕಥೆಯನ್ನು ಹದಿನೈದು ದಿನಗಳಲ್ಲಿ ಓದಿ ಮುಗಿಸಿದೆ. ಇಡೀ ಶತಮಾನವೇ ಅಂಗೈಯಲ್ಲಿದೆಯೆಂದು ಬೀಗಿದೆ. ಜಗಲಿಯಲ್ಲಿ ಕುಳಿತಿದ್ದ ನಮ್ಮ ದಾದಾ ಒಂದೇ ಪ್ರಶ್ನೆ ಕೇಳಿದರು: "ಬೇಟಾ, ಇದರಲ್ಲಿ ನಮ್ಮ ಕಡೆಯ ಮಾತು ಏನಾದರೂ ಇದೆಯಾ?" ನಾನು ಪುಸ್ತಕದ ಕೊನೆಯ ಸೂಚಿಯನ್ನು ತಡಕಿದೆ. ಏನೂ ಇರಲಿಲ್ಲ.

ಇದು ಗ್ರಂಥಕರ್ತನ ಅಪರಾಧವೆಂದು ನಾನು ಹೇಳುತ್ತಿಲ್ಲ. ಬ್ರಿಟನ್ನಿನ ಇತಿಹಾಸಕಾರ ಮಾರ್ಟಿನ್ ಗಿಲ್ಬರ್ಟ್ ಇಪ್ಪತ್ತನೆಯ ಶತಮಾನದ ಇತಿಹಾಸವನ್ನು ವರ್ಷ ವರ್ಷಕ್ಕೆ ವಿಂಗಡಿಸಿ 1997ರಿಂದ 1999ರವರೆಗೆ ಮೂರು ಬೃಹತ್ ಸಂಪುಟಗಳಲ್ಲಿ ಪ್ರಕಟಿಸಿದನು. 2001ರಲ್ಲಿ ಅವನ್ನೇ ಒಂದು ಸಂಪುಟಕ್ಕೆ ಇಳಿಸಿದನು. ಹೀಗೆ ಇಳಿಸುವಾಗ ಏನನ್ನಾದರೂ ಬಿಡಲೇಬೇಕು. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನು ಬರೆಯುವವನು ಕುಳಿತಿರುವ ಸ್ಥಳವೂ ಅವನ ಮುಂದಿರುವ ಓದುಗರೂ ಬಹುಮಟ್ಟಿಗೆ ನಿರ್ಧರಿಸುತ್ತಾರೆ.

ಮದ್ರಸಗಳಲ್ಲಿ ಓದಿದವರಿಗೆ ಸಂಕ್ಷಿಪ್ತ ಗ್ರಂಥ ಹೊಸತಲ್ಲ. ನಾವು ಅದನ್ನು 'ಮುಖ್ತಸರ್' ಎನ್ನುತ್ತೇವೆ. ಆದರೆ ಯಾವ ಉಸ್ತಾದರೂ ಮುಖ್ತಸರ್ ಒಂದನ್ನೇ ಕೈಗೆ ಕೊಟ್ಟು ಕಳಿಸುವುದಿಲ್ಲ. ಮೂಲದ ಜೊತೆಗೆ 'ಶರಹ್', ಅಂದರೆ ವ್ಯಾಖ್ಯಾನ ಇರುತ್ತದೆ. ಪುಟದ ಅಂಚಿನಲ್ಲಿ 'ಹಾಶಿಯಾ', ಅಂದರೆ ಟಿಪ್ಪಣಿ ಇರುತ್ತದೆ. ಎಷ್ಟೋ ವೇಳೆ ಅಂಚಿನ ಬರಹವೇ ನಡುವಿನ ಬರಹಕ್ಕಿಂತ ಹೆಚ್ಚಾಗಿರುತ್ತದೆ. ಶತಮಾನದ ಸಂಕ್ಷಿಪ್ತ ಇತಿಹಾಸವನ್ನೂ ನಾವು ಇದೇ ಕ್ರಮದಲ್ಲಿ ಓದಬೇಕು. ಹಾಶಿಯಾವನ್ನು ನಾವೇ ಬರೆದುಕೊಳ್ಳಬೇಕು.

ಮೊದಲು ನೋಡಬೇಕಾದುದು ಕಥೆ ಯಾವ ವರ್ಷದಿಂದ ಆರಂಭವಾಗುತ್ತದೆ ಎಂಬುದನ್ನು. ಇರಾನ್ ಎಂಬ ಹೆಸರು ಅಲೀಪುರದ ಮನೆಗಳಿಗೆ ಅಪರಿಚಿತವಲ್ಲ. ಇರಾನಿನ ಕಥೆಯನ್ನು 1979ರ ನವೆಂಬರ್ 4ರಂದು, ತೆಹರಾನಿನ ಅಮೆರಿಕನ್ ರಾಯಭಾರ ಕಚೇರಿಯ ಒತ್ತೆಯಾಳುಗಳಿಂದ ಆರಂಭಿಸಿದರೆ, ಅದು ಕಾರಣವಿಲ್ಲದೆ ಕೆರಳಿದ ಜನರ ಕಥೆಯಾಗುತ್ತದೆ. ತೈಲವನ್ನು ರಾಷ್ಟ್ರೀಕರಿಸಿದ ಪ್ರಧಾನಿ ಮುಹಮ್ಮದ್ ಮುಸದ್ದಿಕ್‌ರನ್ನು 1953ರ ಆಗಸ್ಟ್‌ನಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಗುಪ್ತಚರ ಸಂಸ್ಥೆಗಳು ಕೆಳಗಿಳಿಸಿದಲ್ಲಿಂದ ಆರಂಭಿಸಿದರೆ, ಅದೇ ಕಥೆ ಬೇರೆಯಾಗುತ್ತದೆ. ಅಮೆರಿಕದ ಸಿ.ಐ.ಎ. ತನ್ನ ಪಾತ್ರವನ್ನು ದಾಖಲೆಗಳಲ್ಲಿ ಒಪ್ಪಿಕೊಂಡುದು ಬಹಿರಂಗವಾದದ್ದು 2013ರಲ್ಲಿ. ಹಾಗೆಯೇ 1980ರಿಂದ 1988ರವರೆಗೆ ಇರಾನ್ ಮತ್ತು ಇರಾಕ್ ನಡುವೆ ನಡೆದ ಯುದ್ಧವನ್ನೂ ನಾವು ಮರೆಯಬಾರದು. ಲಕ್ಷಾಂತರ ಜನರನ್ನು ನುಂಗಿದ ಆ ಯುದ್ಧದಲ್ಲಿ ಎರಡೂ ಕಡೆ ಸತ್ತವರು ಬಹುತೇಕ ಮುಸ್ಲಿಮರೇ. ಪರರ ಅನ್ಯಾಯವನ್ನು ಅಂಚಿನಲ್ಲಿ ಬರೆದು ಸ್ವಜನರ ಅನ್ಯಾಯವನ್ನು ಬಿಟ್ಟುಬಿಟ್ಟರೆ ನಮ್ಮ ಟಿಪ್ಪಣಿಯೂ ಇನ್ನೊಂದು ಪಕ್ಷಪಾತದ ಪುಸ್ತಕವಾಗುತ್ತದೆ.

ಎರಡನೆಯದಾಗಿ, ವಾಕ್ಯದ ಕರ್ತೃ ಯಾರೆಂದು ನೋಡಬೇಕು. 1918ರಲ್ಲಿ ಬ್ರಿಟಿಷ್ ಸೇನೆ ಪ್ಯಾಲೆಸ್ತೀನನ್ನು ತುರ್ಕರಿಂದ ವಶಪಡಿಸಿಕೊಂಡಿತೆಂದು ಸಂಕ್ಷಿಪ್ತ ಇತಿಹಾಸ ಹೇಳುತ್ತದೆ. ಆದರೆ ಸೆಪ್ಟೆಂಬರ್ 23ರಂದು ಹೈಫಾ ನಗರಕ್ಕೆ ನುಗ್ಗಿದವರು ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಅಶ್ವಾರೋಹಿಗಳು. ಮೈಸೂರು ಲ್ಯಾನ್ಸರ್ಸ್‌ನ ಮೃತರ ಸ್ಮಾರಕ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿದೆ. ಪ್ಯಾಲೆಸ್ತೀನಿಗಾಗಿ ಮರುಗುವ ನಾವು, ಆ ನಾಡು ಬ್ರಿಟಿಷರ ಕೈಸೇರುವಲ್ಲಿ ನಮ್ಮ ನಾಡಿನ ಕುದುರೆಗಳ ಗೊರಸುಗಳೂ ಸದ್ದು ಮಾಡಿದ್ದವೆಂಬುದನ್ನು ತಿಳಿದಿರಬೇಕು.

ಈಗ ನಮ್ಮ ತಾಲ್ಲೂಕಿಗೆ ಬರೋಣ. 1938 ಎಂಬ ಅಧ್ಯಾಯವನ್ನು ತೆರೆಯಿರಿ. ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದನು. ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್ ಒಪ್ಪಂದವಾಯಿತು. ನವೆಂಬರ್‌ನಲ್ಲಿ ಜರ್ಮನಿಯ ಯಹೂದಿಯರ ಅಂಗಡಿಗಳೂ ಆರಾಧನಾಲಯಗಳೂ ಧ್ವಂಸವಾದವು. ಇವೆಲ್ಲವೂ ಅಲ್ಲಿರಬೇಕಾದ ಸಂಗತಿಗಳೇ. ಆದರೆ ಅದೇ ವರ್ಷದ ಏಪ್ರಿಲ್ 25ರಂದು ಇದೇ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ನಡೆದುದಕ್ಕೆ ಅಂಥ ಪುಸ್ತಕಗಳಲ್ಲಿ ಎಡೆ ಸಿಗುವುದು ದುರ್ಲಭ.

ಮೈಸೂರು ಸಂಸ್ಥಾನದಲ್ಲಿ ಆಗ ಜವಾಬ್ದಾರಿ ಸರ್ಕಾರಕ್ಕಾಗಿ ಚಳವಳಿ ನಡೆದಿತ್ತು. ಅದೇ ತಿಂಗಳು ಮದ್ದೂರಿನ ಬಳಿಯ ಶಿವಪುರದಲ್ಲಿ ಸತ್ಯಾಗ್ರಹಿಗಳು ನಿಷೇಧವನ್ನು ಮೀರಿ ರಾಷ್ಟ್ರಧ್ವಜವನ್ನು ಹಾರಿಸಿದ್ದರು. ಜಾತ್ರೆಯ ಸಮಯದಲ್ಲಿ ವಿದುರಾಶ್ವತ್ಥದಲ್ಲಿಯೂ ಜನ ಧ್ವಜಕ್ಕಾಗಿ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರು ಸುಮಾರು 10 ಮಂದಿ ಎಂಬುದು ಸರ್ಕಾರದ ಲೆಕ್ಕ. 32 ಎಂಬುದು ಜನರ ಲೆಕ್ಕ. ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂದು ಆ ಸ್ಥಳ ಹೆಸರಾಯಿತು. ಇತಿಹಾಸದಲ್ಲಿ ಸಂಖ್ಯೆಗಳನ್ನು ಕಣ್ಣುಮುಚ್ಚಿ ನಂಬಬಾರದೆಂದು ಇಬ್ನ್ ಖಲ್ದೂನ್ ಹದಿನಾಲ್ಕನೆಯ ಶತಮಾನದಲ್ಲೇ ಎಚ್ಚರಿಸಿದ್ದರು. ಆದುದರಿಂದ ನಿಮ್ಮ ಟಿಪ್ಪಣಿಯಲ್ಲಿ ಎರಡೂ ಸಂಖ್ಯೆಗಳಿರಲಿ. ಯಾವುದು ಯಾರ ಲೆಕ್ಕವೆಂಬುದೂ ಇರಲಿ.

ಇಲ್ಲಿಂದ ಮುಂದಿನ ಮಾತು ನಮಗೆ ಸ್ವಲ್ಪ ಕಹಿ. ಅಂದು ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯೀಲ್. ಅವರ ಅಜ್ಜ ಅಲಿ ಅಸ್ಕರ್ ಇರಾನಿನ ಶೀರಾಜ್‌ನಿಂದ ಬೆಂಗಳೂರಿಗೆ ಬಂದು ಕುದುರೆ ವ್ಯಾಪಾರ ಮಾಡಿದವರು. 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾರವರ ಬೃಂದಾವನ ಉದ್ಯಾನವನ್ನೂ ಅವರು ಬೆಳೆಸಿದ ಕೈಗಾರಿಕೆಗಳನ್ನೂ ನಾವು ಹೆಮ್ಮೆಯಿಂದ ನೆನೆಯುತ್ತೇವೆ. ದೇಶದ ವಿಭಜನೆಯನ್ನು ಅವರು ಒಪ್ಪಿರಲಿಲ್ಲವೆಂಬುದನ್ನೂ ಹೇಳುತ್ತೇವೆ. ವಿದುರಾಶ್ವತ್ಥದ ಬಳಿಗೆ ಬಂದಾಗ ಮಾತ್ರ ನಮ್ಮ ಮಾತು ನಿಂತುಹೋಗುತ್ತದೆ.

ಇಂದಿನ ವಾತಾವರಣದಲ್ಲಿ ಈ ಘಟನೆಯನ್ನು ಎರಡು ರೀತಿಯಲ್ಲಿ ಕುಗ್ಗಿಸಬಹುದು. ಮುಸ್ಲಿಮ್ ದಿವಾನನೊಬ್ಬ ಹಿಂದೂಗಳಿಗೆ ಗುಂಡು ಹೊಡೆಸಿದನೆಂದು ಒಂದೇ ಸಾಲಿನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಹರಿಯಬಿಡುವುದು ಒಂದು ರೀತಿ. ಅದು ಸುಳ್ಳು. ಪ್ರಜೆಗಳ ಹಕ್ಕಿನ ಬೇಡಿಕೆಗೂ ಅದನ್ನು ಕೊಡಲೊಪ್ಪದ ಅರಸೊತ್ತಿಗೆಯ ಆಡಳಿತಕ್ಕೂ ನಡೆದ ಸಂಘರ್ಷವದು. ಅಲ್ಲಿ ಧರ್ಮದ ಪ್ರಶ್ನೆಯೇ ಇರಲಿಲ್ಲ. ಮಿರ್ಜಾರವರ ಸಾಧನೆಗಳ ಪಟ್ಟಿಯನ್ನು ಮುದ್ರಿಸಿ ಏಪ್ರಿಲ್ 25ನ್ನು ಅಳಿಸಿಬಿಡುವುದು ಇನ್ನೊಂದು ರೀತಿ. ಅದು ಅರ್ಧಸತ್ಯ. ಆಡಳಿತದ ಮುಖ್ಯಸ್ಥರಾಗಿದ್ದವರು ಆಡಳಿತದ ಗುಂಡಿಗೂ ಉತ್ತರದಾಯಿಗಳು. ಮರುತಿಂಗಳು ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಮೈಸೂರಿಗೆ ಬಂದರು. ಮಿರ್ಜಾ-ಪಟೇಲ್ ಒಪ್ಪಂದವಾಯಿತು. ಸಂಸ್ಥಾನದ ಧ್ವಜದೊಡನೆ ರಾಷ್ಟ್ರಧ್ವಜವನ್ನೂ ಹಾರಿಸಲು ಅವಕಾಶವಾಯಿತು. ಗುಂಡನ್ನೂ ಬರೆಯಬೇಕು, ಒಪ್ಪಂದವನ್ನೂ ಬರೆಯಬೇಕು. ಸ್ವಂತ ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಿರಬೇಕೆಂಬುದು ಪವಿತ್ರ ಕುರ್‌ಆನ್‌ನ ಬೋಧನೆ. ಆ ಬೋಧನೆ ನ್ಯಾಯಾಲಯಕ್ಕೆ ಎಷ್ಟು ಅನ್ವಯವೋ ಇತಿಹಾಸದ ಓದಿಗೂ ಅಷ್ಟೇ ಅನ್ವಯ.

ಈ ಮಾತನ್ನು ಅಲೀಪುರದಲ್ಲಿ ಹೇಳುವುದು ಸುಲಭ. ಕ್ರಿ.ಶ. 680ರ ಕರ್ಬಲಾಕ್ಕೆ ಪ್ರಪಂಚದ ಸಂಕ್ಷಿಪ್ತ ಇತಿಹಾಸಗಳಲ್ಲಿ ಒಂದೆರಡು ಸಾಲು ದೊರೆತರೆ ಹೆಚ್ಚು. ಈ ಊರಿನಲ್ಲಿ ಆ ಒಂದೆರಡು ಸಾಲಿಗೆ ಮುಹರ್ರಮ್‌ನ ಹತ್ತು ದಿನಗಳೂ ಸಾಲುವುದಿಲ್ಲ. ನೀರಿಗೆ ಹೋದವರು ಯಾರು, ಬಾಯಾರಿದ ಮಗು ಯಾವುದು ಎಂಬುದನ್ನು ಮಜ್ಲಿಸ್‌ಗಳಲ್ಲಿ ಕೇಳಿ ಬೆಳೆದ ಇಲ್ಲಿನ ಮಕ್ಕಳು ಹೆಸರು ಹಿಡಿದು ಹೇಳಬಲ್ಲರು. ಪುಸ್ತಕದ ಒಂದು ಸಾಲನ್ನು ಮನುಷ್ಯರ ಬದುಕಾಗಿ ವಿಸ್ತರಿಸುವ ವಿದ್ಯೆ ನಿಮಗೆ ಆಗಲೇ ಕರಗತವಾಗಿದೆ. ಎದುರು ಬದುರು ನಿಂತವರಿಬ್ಬರೂ ಒಂದೇ ಕಲಿಮಾ ಹೇಳುವವರಾದಾಗ ನ್ಯಾಯ ಯಾರ ಕಡೆಗಿತ್ತೆಂದು ಕೇಳುವ ಅಭ್ಯಾಸವೂ ನಿಮಗಿದೆ. ಆ ವಿದ್ಯೆಯನ್ನೂ ಆ ಅಭ್ಯಾಸವನ್ನೂ ನೆರೆಯ ವಿದುರಾಶ್ವತ್ಥದವರೆಗೂ ಕೊಂಡೊಯ್ಯಿರಿ ಎಂಬುದಷ್ಟೇ ನನ್ನ ವಿನಂತಿ.

ಕೊನೆಯದಾಗಿ ಎರಡು ಸಲಹೆಗಳು. ಪ್ರತಿ ಮನೆಯಲ್ಲಿ ಶತಮಾನದ ಒಂದು ಸಂಕ್ಷಿಪ್ತ ಇತಿಹಾಸವಿರಲಿ, ಪಕ್ಕದಲ್ಲಿ ಒಂದು ನೋಟುಪುಸ್ತಕವಿರಲಿ. ಹೆಣ್ಣುಮಕ್ಕಳು ಗಂಡುಮಕ್ಕಳೆನ್ನದೆ ಎಲ್ಲರೂ ಅದರಲ್ಲಿ ಬರೆಯಲಿ. ಮನೆಯ ಹಿರಿಯರು ಕಂಡ ಬರಗಾಲ, ರೇಷನ್, ಹರಳು ಉಜ್ಜುವ ಕಸುಬು, ಪ್ರಯಾಣಗಳು ಯಾವ ವರ್ಷದ್ದೆಂದು ಕೇಳಿ ದಾಖಲಿಸಿರಿ. ಮುಂದಿನ ರಜೆಯಲ್ಲಿ ಮಕ್ಕಳನ್ನು ವಿದುರಾಶ್ವತ್ಥದ ಸ್ಮಾರಕಕ್ಕೆ ಕರೆದೊಯ್ಯಿರಿ. ಅಂದು ದಿವಾನರಾಗಿದ್ದವರು ಯಾರೆಂದು ಮಗು ಕೇಳಿದರೆ ಹೆಸರನ್ನು ಹೇಳಿರಿ. ನಡೆದುದೆಲ್ಲವನ್ನೂ ಹೇಳಿರಿ. ನಮ್ಮ ಬಾಯಿಂದ ಅದನ್ನು ಕೇಳಿದ ಮಗು ನಾಳೆ ಬೇರೆಯವರ ಒಂದು ಸಾಲಿನ ಸುಳ್ಳಿಗೆ ಬೆದರುವುದಿಲ್ಲ.