ಮಗು ಚಿಕ್ಕದು, ಅದಕ್ಕೇನು ತಿಳಿಯುತ್ತದೆ ಎನ್ನಬೇಡಿ

(ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಮಕ್ಕಳ ವೈದ್ಯರು ನೀಡಿದ ಉಪನ್ಯಾಸ)



ಮಗುವಿಗೆ ಜ್ವರ ಬಂದರೆ, ಭೇದಿಯಾದರೆ ನೀವು ತಡಮಾಡದೆ ಕರೆತರುತ್ತೀರಿ. ಮನಸ್ಸಿಗೆ ಪೆಟ್ಟು ಬಿದ್ದರೆ ಮಾತ್ರ "ಸಣ್ಣ ಕೂಸು, ಅದಕ್ಕೇನು ತಿಳೀತೈತಿ, ಮರೀತೈತಿ ಬಿಡ್ರಿ" ಎಂದು ಸುಮ್ಮನಾಗುತ್ತೀರಿ. ಕೂಸಿಗೆ ಮಾತು ತಿಳಿಯದಿರಬಹುದು, ಅಂಜಿಕೆ ತಿಳಿಯುತ್ತದೆ. ಆ ವಿಷಯವನ್ನೇ ಇಂದು ಹೇಳುತ್ತೇನೆ.

ಮಸ್ಕಿ ಕಡೆಯ ಒಬ್ಬ ಅಜ್ಜಿ ನಾಲ್ಕು ವರ್ಷದ ಮೊಮ್ಮಗನನ್ನು ಕರೆತಂದಿದ್ದರು. "ಮೊದಲ ಚಂದ ಮಾತಾಡ್ತಿದ್ನರಿ, ಈಗ ಮಾತು ಬಿಟ್ಟಾನ. ರಾತ್ರಿ ಚೀರಿ ಏಳ್ತಾನ, ಹಾಸಿಗ್ಯಾಗ ಉಚ್ಚಿ ಹೊಯ್ಕೋತಾನ. ಗಾಳಿ ಸೋಕೇತಿ ಅಂತ ತಾಯತ ಕಟ್ಟಿಸಿವಿ, ಬಡಿದೂ ನೋಡಿದಿವಿ" ಎಂದರು. ಮೂತ್ರ ಮತ್ತು ರಕ್ತ ಪರೀಕ್ಷೆ ಮಾಡಿಸಿದೆವು, ಕಿವಿ ನೋಡಿದೆವು. ಯಾವ ದೋಷವೂ ಇರಲಿಲ್ಲ. ವಿಚಾರಿಸಿದಾಗ ತಿಳಿಯಿತು: ತಂದೆತಾಯಿ ಎರಡು ತಿಂಗಳ ಹಿಂದೆ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಹೋಗಿದ್ದರು. ಮಗ ಅಳುತ್ತಾನೆಂದು ಅವನು ಮಲಗಿದ ಮೇಲೆ ಬಸ್ಸು ಹತ್ತಿದ್ದರು. ಬೆಳಗ್ಗೆ ಕಣ್ಣು ಬಿಟ್ಟರೆ ಅವ್ವ ಇಲ್ಲ. ಅಂದಿನಿಂದ ಅವನಿಗೆ ನಿದ್ದೆಯೆಂದರೇ ಅಂಜಿಕೆ.

ಗುಳೆ ಹೋಗುವುದು ತಪ್ಪು ಎಂದು ನಾನು ಹೇಳುವುದಿಲ್ಲ. ಮಳೆ ಕೈಕೊಟ್ಟರೆ ಲಿಂಗಸುಗೂರು, ಮಸ್ಕಿಯ ಒಣಭೂಮಿಯವರೂ, ಕಾಲುವೆಯ ಕೊನೆಗೆ ನೀರು ಬಾರದಿದ್ದರೆ ಸಿಂಧನೂರಿನವರೂ ಬೆಂಗಳೂರು, ಪುಣೆ, ಗೋವಾ ಎಂದು ಹೊಟ್ಟೆಪಾಡಿಗೆ ಹೋಗಲೇಬೇಕಾಗುತ್ತದೆ. ಆದರೆ ಹೋಗುವ ರೀತಿಯಿಂದ ಮಗುವಿಗೆ ಪೆಟ್ಟಾಗಬಾರದು.

ಅಂಜಿದಾಗ ಮಗುವಿನ ದೇಹದಲ್ಲಿ ಏನಾಗುತ್ತದೆ? ಮೂತ್ರಪಿಂಡಗಳ ಮೇಲಿರುವ ಎರಡು ಚಿಕ್ಕ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ಎದೆ ಹೊಡೆದುಕೊಳ್ಳುತ್ತದೆ, ಮೈ ಬಿಗಿಯುತ್ತದೆ. ಅವ್ವ ಎತ್ತಿಕೊಂಡು ಬೆನ್ನು ಸವರಿದರೆ ಎಲ್ಲವೂ ಇಳಿಯುತ್ತದೆ. ಇಂಥ ಅಂಜಿಕೆಯಿಂದ ಹಾನಿಯಿಲ್ಲ. ಆದರೆ ದಿನವೂ ಕುಡಿದು ಬರುವ ತಂದೆಯ ಜಗಳ, ಹೊಡೆತ, ಹಸಿವು, ಅಗಲಿಕೆ ಇದ್ದು, ಎತ್ತಿಕೊಳ್ಳುವವರು ಯಾರೂ ಇಲ್ಲದಿದ್ದರೆ ದೇಹ ಸದಾ ಎಚ್ಚರದಲ್ಲೇ ಉಳಿಯುತ್ತದೆ. ನಿದ್ದೆ ಕೆಡುತ್ತದೆ, ಊಟ ಸೇರುವುದಿಲ್ಲ, ರೋಗ ತಡೆಯುವ ಶಕ್ತಿ ತಗ್ಗುತ್ತದೆ. ಮಿದುಳು ಅತಿ ವೇಗವಾಗಿ ಬೆಳೆಯುವುದು ಮೊದಲ ಮೂರು ವರ್ಷಗಳಲ್ಲಿ. ಆಗ ಬಿದ್ದ ಪೆಟ್ಟು ಮುಂದೆ ಮಾತು, ಕಲಿಕೆ, ಸಿಟ್ಟುಗಳಲ್ಲಿ ಕಾಣಬಹುದು.

ಹಾಗೆಂದು ಎದೆಗುಂದಬೇಡಿ. ರುಮೇನಿಯಾ ದೇಶದ ಅನಾಥಾಲಯಗಳಲ್ಲಿ ಮಕ್ಕಳಿಗೆ ಊಟ, ಬಟ್ಟೆ ಇದ್ದವು, ಆದರೆ ತನ್ನವರೆಂದು ಎತ್ತಿಕೊಳ್ಳುವವರು ಇರಲಿಲ್ಲ. ಅಲ್ಲಿನ ರಾಜಧಾನಿ ಬುಕಾರೆಸ್ಟ್‌ನಲ್ಲಿ 136 ಮಕ್ಕಳನ್ನು ಆರಿಸಿ, ಅವರಲ್ಲಿ ಅರ್ಧದಷ್ಟು ಮಕ್ಕಳನ್ನು ಸಾಕುವ ಮನೆಗಳಿಗೆ ಕಳಿಸಿದರು. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮನೆ ಸೇರಿದ ಮಕ್ಕಳ ಬುದ್ಧಿಯ ಬೆಳವಣಿಗೆ ಅನಾಥಾಲಯದಲ್ಲೇ ಉಳಿದವರಿಗಿಂತ ಉತ್ತಮವಾಗಿತ್ತು. ಬೇಗ ಸೇರಿದವರಿಗೆ ಹೆಚ್ಚು ಲಾಭವಾಗಿತ್ತು. ಮಗುವಿಗೆ ಮುಖ್ಯವಾಗಿ ಬೇಕಾದುದು ನಂಬಿಕೆಯ ಒಂದು ಮಡಿಲು. ಅದು ಅವ್ವನದೇ ಆಗಬೇಕೆಂದಿಲ್ಲ. ಅಜ್ಜಿ, ಅಜ್ಜ, ಚಿಗವ್ವ ಯಾರದಾದರೂ ಆಗಬಹುದು.

ಆದ್ದರಿಂದ ಇವಿಷ್ಟನ್ನು ನೆನಪಿಡಿ:

1. ಕದ್ದು ಹೋಗಬೇಡಿ. "ನಾನು ದುಡಿಯಾಕ ಹೊಂಟೀನಿ, ಉಗಾದಿಗೆ ಬರ್ತೀನಿ" ಎಂದು ಹೇಳಿಯೇ ಹೋಗಿ. ಅತ್ತರೆ ಅಳಲಿ. ಹೇಳಿದ ದಿನ ತಪ್ಪದೆ ಬನ್ನಿ.

2. ಮಗುವನ್ನು ಒಬ್ಬರ ವಶದಲ್ಲೇ ಬಿಡಿ. ತಿಂಗಳಿಗೊಂದು ಮನೆ ಬದಲಿಸಬೇಡಿ. ಅಂಗನವಾಡಿ ತಪ್ಪಿಸಬೇಡಿ.

3. ದಿನವೂ ಒಂದೇ ಹೊತ್ತಿಗೆ ಫೋನ್ ಮಾಡಿ. ಅವ್ವನ ಹಳೆಯ ಸೀರೆಯನ್ನು ಹೊದೆಯಲು ಕೊಡಿ.

4. ಜೊತೆಗೆ ಒಯ್ಯುವುದಾದರೆ ತಾಯಿ ಕಾರ್ಡ್ ಇಟ್ಟುಕೊಳ್ಳಿ. ಅಲ್ಲಿನ ಅಂಗನವಾಡಿಯನ್ನು ಮೊದಲ ವಾರವೇ ವಿಚಾರಿಸಿ.

5. "ಸುಮ್ಮನಿರದಿದ್ರ ಡಾಕ್ಟರ್ ಸೂಜಿ ಚುಚ್ತಾರ", "ನಿಮ್ಮವ್ವ ಇನ್ನ ಬರೂದಿಲ್ಲ" ಎಂದು ಹೆದರಿಸಬೇಡಿ. ಉಚ್ಚೆ ಹೊಯ್ದುಕೊಂಡಿತೆಂದು ಹೊಡೆಯಬೇಡಿ. ಹೊಡೆದರೆ ಅದು ಹೆಚ್ಚುತ್ತದೆ.

6. ಬಂದ ಮಾತು ನಿಂತರೆ, ರಾತ್ರಿ ಚೀರಿದರೆ, ಆಟ ಬಿಟ್ಟು ಮೂಲೆ ಹಿಡಿದರೆ, ತೂಕ ಇಳಿದರೆ ವೈದ್ಯರಿಗೆ ತೋರಿಸಿ. ಕಿವಿ ದೋಷ, ರಕ್ತಹೀನತೆ, ಮೂತ್ರದ ಸೋಂಕು ಇದೆಯೇ ಎಂದು ಮೊದಲು ನೋಡಬೇಕು. ಮನೆಯಲ್ಲಿ ಏನು ನಡೆದಿದೆ ಎಂಬುದನ್ನೂ ಮುಚ್ಚಿಡದೆ ಹೇಳಿ.

ಮಗುವಿಗೆ ಹೊಡೆತ, ಕಿರುಕುಳ ಆಗುತ್ತಿದ್ದರೆ 1098ಕ್ಕೆ ಫೋನ್ ಮಾಡಿ. ಮನಸ್ಸಿನ ತೊಂದರೆಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಇದೆ, ಸಂಖ್ಯೆ 14416. ಎರಡೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೆಚ್ಚಿನ ಚಿಕಿತ್ಸೆ ಬೇಕಾದವರಿಗೆ ರಾಯಚೂರಿನ ರಿಮ್ಸ್, ಧಾರವಾಡದ ಡಿಮ್ಹಾನ್ಸ್ ಇವೆ.

ಆ ಹುಡುಗನಿಗೆ ನಾವು ಔಷಧ ಕೊಡಲಿಲ್ಲ. ಅವ್ವ ದಿನವೂ ರಾತ್ರಿ ಊಟದ ಹೊತ್ತಿಗೆ ಫೋನ್ ಮಾಡತೊಡಗಿದಳು. ಅಜ್ಜಿ ಪಕ್ಕದಲ್ಲೇ ಮಲಗಿಸಿಕೊಂಡರು, ಬಡಿಯುವುದನ್ನು ಬಿಟ್ಟರು. ಮೂರು ತಿಂಗಳಲ್ಲಿ ಹಾಸಿಗೆ ಒದ್ದೆಯಾಗುವುದು ನಿಂತಿತು, ಮಾತು ಮೆಲ್ಲಗೆ ಮರಳಿತು. ಈಗಲೂ ಅವ್ವ ಊರಿಗೆ ಬಂದರೆ ಅವಳ ಸೆರಗು ಹಿಡಿದೇ ಮಲಗುತ್ತಾನಂತೆ. ಹಿಡಿದುಕೊಳ್ಳಲಿ, ಬಿಡಿಸಬೇಡಿ ಎಂದು ಹೇಳಿದ್ದೇನೆ.

ಇಂದು ನಿಮ್ಮ ಮಡಿಲಲ್ಲಿರುವ ಕೂಸು ನೀವಾಡುವ ಮಾತನ್ನು ಮರೆಯಬಹುದು. ಅತ್ತಾಗ ನೀವು ಎತ್ತಿಕೊಂಡಿರೋ ಇಲ್ಲವೋ ಎಂಬುದು ಅದರ ಮೈಯಲ್ಲಿ ಉಳಿಯುತ್ತದೆ.