ಬಾಲದ ರೆಕ್ಕೆಯ ಮೇಲಿನ ಲೆಕ್ಕ

ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನ ಸಂಗ್ರಹದಲ್ಲಿ ಜರ್ಮನ್ ವಿಮಾನವೊಂದರ ಬಾಲದ ರೆಕ್ಕೆ ಇದೆ. ಮೆಸ್ಸರ್‌ಸ್ಮಿತ್ 110 ಎಂಬ ರಾತ್ರಿ ಫೈಟರ್‌ನದು. ಅದರ ಜೋಡಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದ ಯುದ್ಧ ಸ್ಮಾರಕ ಸೇರಿದೆ. ಲಂಡನ್ನಿನ ರೆಕ್ಕೆಯ ಮೇಲೆ ಸಾಲುಸಾಲಾಗಿ ಬರೆದ ಪುಟ್ಟ ಗುರುತುಗಳು 121ಕ್ಕೆ ಬಂದು ನಿಲ್ಲುತ್ತವೆ. ಹೈಂಟ್ಸ್-ವೋಲ್ಫ್‌ಗಾಂಗ್ ಶ್ನೌಫರ್ ಎಂಬ ಪೈಲಟ್ ಕತ್ತಲಲ್ಲಿ ಕೆಡವಿದನೆಂದು ಜರ್ಮನ್ ವಾಯುಪಡೆ ಒಪ್ಪಿಕೊಂಡ ವಿಮಾನಗಳ ಲೆಕ್ಕ ಅದು. ರಾತ್ರಿ ಕಾದಾಟದಲ್ಲಿ ಇಷ್ಟು ದೊಡ್ಡ ಲೆಕ್ಕ ಬೇರಾರ ಹೆಸರಿನಲ್ಲೂ ಇಲ್ಲ.

ಸಂಶೋಧಕನ ಕೆಲಸ ಆ ಸಂಖ್ಯೆಯನ್ನು ಮೆಚ್ಚುವುದಲ್ಲ, ಬಿಡಿಸುವುದು. ಒಂದೊಂದು ಗುರುತಿನ ಹಿಂದೆಯೂ ಒಂದು ವಿಮಾನ, ಅದರಲ್ಲಿ ಸಾಮಾನ್ಯವಾಗಿ ಏಳು ಜನ. ಅದು ಯಾವ ವಿಮಾನ, ಯಾರು ಆ ಏಳು ಜನ?

ಶ್ನೌಫರ್ ಹುಟ್ಟಿದ್ದು 1922ರಲ್ಲಿ, ಜರ್ಮನಿಯ ಕಾಲ್ವ್ ಎಂಬ ಊರಿನಲ್ಲಿ. 1942ರ ಜೂನ್‌ನಲ್ಲಿ ಬೆಲ್ಜಿಯಂ ಮೇಲೆ ಹ್ಯಾಲಿಫ್ಯಾಕ್ಸ್ ಬಾಂಬರೊಂದನ್ನು ಉರುಳಿಸಿ ಖಾತೆ ತೆರೆದ. ಯುದ್ಧ ಮುಗಿದಾಗ ವಯಸ್ಸು 23. ಮನೆತನದ ವೈನ್ ವ್ಯಾಪಾರಕ್ಕೆಂದು ಫ್ರಾನ್ಸಿಗೆ ಹೋದವನು 1950ರ ಜುಲೈಯಲ್ಲಿ ಬೋರ್ಡೊ ಬಳಿ ರಸ್ತೆ ಅಪಘಾತಕ್ಕೆ ಸಿಕ್ಕಿ ತೀರಿಕೊಂಡ. ಆತ್ಮಕಥೆ ಬರೆಯುವ ವಯಸ್ಸೇ ಅವನಿಗೆ ಬರಲಿಲ್ಲ. ಹಾಗಾಗಿ ಉಳಿದದ್ದು ಕಾಗದಗಳು ಮತ್ತು ಜೊತೆಗಾರರು.

ಕಾಗದಗಳ ಕಥೆ ಸುಲಭದ್ದಲ್ಲ. ಜರ್ಮನ್ ಪೈಲಟ್ ಇಳಿದ ಕೂಡಲೇ ವರದಿ ಬರೆಯಬೇಕಿತ್ತು: ಎಷ್ಟು ಗಂಟೆಗೆ, ಯಾವ ಊರಿನ ಮೇಲೆ, ಎಷ್ಟು ಎತ್ತರದಲ್ಲಿ, ಯಾವ ಮಾದರಿಯ ವಿಮಾನ, ಕಂಡ ಸಾಕ್ಷಿ ಯಾರು. ಅವಶೇಷ ಬಿದ್ದ ಜಾಗವೂ ತಾಳೆಯಾಗಬೇಕು. ಅದೇ ವಿಮಾನವನ್ನು ತಾವೇ ಹೊಡೆದೆವೆಂದು ನೆಲದ ತೋಪಿನವರು ತಕರಾರು ತೆಗೆಯುವುದೂ ಇತ್ತು. ಕೊನೆಗೆ ಬರ್ಲಿನ್ನಿನ ಸಮಿತಿ ಒಪ್ಪಿಗೆಯ ಮುದ್ರೆ ಒತ್ತಬೇಕು. ಬಾಂಬರ್‌ಗಳು ಹೆಚ್ಚಾಗಿ ಜರ್ಮನರ ಹಿಡಿತದಲ್ಲಿದ್ದ ನೆಲದ ಮೇಲೇ ಬೀಳುತ್ತಿದ್ದರಿಂದ ರಾತ್ರಿಯ ಲೆಕ್ಕ ಹಗಲಿನದಕ್ಕಿಂತ ನಂಬಲರ್ಹ. ಆದರೆ ಸೋಲು ಹತ್ತಿರವಾದಾಗ ವಾಯುಪಡೆಯ ಕಡತಗಳ ಬಹುಪಾಲನ್ನು ಜರ್ಮನರೇ ಸುಟ್ಟುಹಾಕಿದರು. ಒಪ್ಪಿಗೆಯ ಪಟ್ಟಿಗಳಲ್ಲಿ ಉಳಿದಷ್ಟು ಮೈಕ್ರೋಫಿಲ್ಮ್‌ನಲ್ಲಿವೆ. ಕೊನೆಯ ತಿಂಗಳುಗಳಿಗೆ ಬಂದರೆ ಅವೂ ಹರಕು.

ಇಂಥಲ್ಲಿ ಕೈಹಿಡಿಯುವುದು ರೇಡಿಯೋ ಆಪರೇಟರ್‌ನ ಲಾಗ್‌ಬುಕ್. ರಾಡಾರ್ ಪರದೆ ನೋಡುತ್ತ ಪೈಲಟ್‌ಗೆ ದಾರಿ ಹೇಳುತ್ತಿದ್ದವನು ಅವನೇ. ಶ್ನೌಫರ್‌ನ ನೂರು ಗೆಲುವುಗಳಲ್ಲಿ ಹಿಂದೆ ಕೂತಿದ್ದವನು ಫ್ರಿಟ್ಸ್ ರುಂಪೆಲ್‌ಹಾರ್ಟ್. ಕೀರ್ತಿಯೆಲ್ಲ ಪೈಲಟ್ ಹೆಸರಿಗೆ ಹೋದರೂ, ಸಂಶೋಧನೆಗೆ ಕೂತವರು ಮೊದಲು ಹುಡುಕಬೇಕಾದದ್ದು ಹಿಂದಿನ ಸೀಟಿನವನನ್ನು.

ಇನ್ನು ಎದುರು ಪಕ್ಷ. ಲಂಡನ್ ಹೊರವಲಯದ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಬ್ರಿಟಿಷ್ ಸ್ಕ್ವಾಡ್ರನ್‌ಗಳ ಕಾರ್ಯಾಚರಣೆಯ ದಿನಚರಿಗಳಿವೆ. ಮರಳಿದವರದ್ದು ವಿವರವಾಗಿ ಇರುತ್ತದೆ. ಮರಳದವರ ಎದುರು ಹೆಚ್ಚಾಗಿ ಹೊರಟ ಗಂಟೆ ಮತ್ತು 'ಮತ್ತೆ ಸುದ್ದಿಯಿಲ್ಲ' ಎಂಬರ್ಥದ ಒಂದು ಸಾಲು, ಅಷ್ಟೇ. ಮರಳಿದವರ ಮಾತನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಬಾಂಬರ್ ಸಿಡಿದಂತೆ ತೋರಿಸಿ ಹೆದರಿಸಲು ಜರ್ಮನರು 'ಸ್ಕೇರ್‌ಕ್ರೋ' ಎಂಬ ಗುಂಡು ಹಾರಿಸುತ್ತಾರೆಂದು ಎಷ್ಟೋ ಸಿಬ್ಬಂದಿ ವರದಿ ಕೊಟ್ಟರು. ಅಂಥ ಗುಂಡು ಇರಲೇ ಇಲ್ಲ. ಅವರು ಕಂಡದ್ದು ತಮ್ಮವರ ವಿಮಾನವೇ ಸಿಡಿದದ್ದನ್ನು. 1943ರಿಂದ ಜರ್ಮನರು ವಿಮಾನದ ಬೆನ್ನಿಗೆ ಓರೆಯಾಗಿ ಮೇಲ್ಮುಖ ತೋಪು ಕೂರಿಸಿ, ಬಾಂಬರ್‌ನ ಹೊಟ್ಟೆಯಡಿ ಬಂದು ಹೊಡೆಯುತ್ತಿದ್ದರು. ಬೆಳಕಿನ ಗೆರೆ ಕಾಣದಿರುವುದರಿಂದ ಯಾರು ಹೊಡೆದರೆಂಬುದು ಪಕ್ಕದ ವಿಮಾನದವರಿಗೂ ತಿಳಿಯುತ್ತಿರಲಿಲ್ಲ. ಆದ್ದರಿಂದ ಬ್ರಿಟಿಷ್ ಕಡತದಲ್ಲಿ 'ನೆಲದ ಗುಂಡಿಗೆ ಬಿತ್ತು' ಎಂದಿದ್ದರೆ ಅಲ್ಲಿಗೆ ಕೈಬಿಡುವಂತಿಲ್ಲ.

1945ರ ಫೆಬ್ರವರಿ 21ನ್ನೇ ತೆಗೆದುಕೊಳ್ಳಬಹುದು. ಆ ದಿನ ಬೆಳಗಾಗುವ ಮುನ್ನ ಶ್ನೌಫರ್ ಎರಡು ಲ್ಯಾಂಕಾಸ್ಟರ್ ಬಾಂಬರ್‌ಗಳನ್ನು ಕೆಡವಿದ. ಕತ್ತಲಾದ ಮೇಲೆ, ಹತ್ತೊಂಬತ್ತೇ ನಿಮಿಷಗಳಲ್ಲಿ ಏಳು. ಅದೇ ರಾತ್ರಿ ಬ್ರಿಟಿಷರು ಡ್ಯೂಸ್‌ಬರ್ಗ್, ವರ್ಮ್ಸ್ ಮತ್ತು ಮಿಟೆಲ್‌ಲಾಂಟ್ ಕಾಲುವೆ, ಹೀಗೆ ಮೂರು ಕಡೆ ದೊಡ್ಡ ಪಡೆಗಳನ್ನು ಕಳಿಸಿದ್ದರು. ಶ್ನೌಫರ್‌ಗೆ ಸಿಕ್ಕವರು ಕಾಲುವೆಗೆ ಬಾಂಬ್ ಹಾಕಿ ಮರಳುತ್ತಿದ್ದವರು. ಅತ್ತ ಗುಂಟರ್ ಬಾರ್ ಎಂಬ ಇನ್ನೊಬ್ಬ ಪೈಲಟ್ ವರ್ಮ್ಸ್ ದಾಳಿಯವರಲ್ಲಿ ಏಳನ್ನು ತನ್ನ ಲೆಕ್ಕಕ್ಕೆ ಬರೆಸಿಕೊಂಡ. ಇಬ್ಬರದ್ದೂ ಒಂದೇ ರಾತ್ರಿ, ಇಬ್ಬರಿಗೂ ಏಳೇಳು. ಇಲ್ಲಿ ಗಂಟೆಯೊಂದನ್ನೇ ಹಿಡಿದರೆ ಎಡವುವುದು ಖಂಡಿತ. ಎರಡು ಸೇನೆಗಳ ಗಡಿಯಾರ ಒಂದೇ ಲೆಕ್ಕದ್ದೇ ಎಂದು ಮೊದಲು ನೋಡಬೇಕು. ಆಮೇಲೆ ಬಿದ್ದ ಜಾಗ, ಬಾಂಬರ್ ಮರಳುವ ಹಾದಿ, ಬದುಕುಳಿದು ಸೆರೆಯಾದವರ ಹೇಳಿಕೆ.

ಈ ಜೋಡಿಸುವ ಕೆಲಸಕ್ಕೆ ಬಾಳನ್ನೇ ಕೊಟ್ಟವರಿದ್ದಾರೆ. ಬ್ರಿಟಿಷ್ ನಷ್ಟಗಳನ್ನು ವಿಮಾನವಿಮಾನಕ್ಕೆ ದಾಖಲಿಸಿದವರು ಚೋರ್ಲಿ ಎಂಬ ಸಂಶೋಧಕ. ಜರ್ಮನ್ ಲೆಕ್ಕವನ್ನು ಅದರ ಎದುರು ರಾತ್ರಿರಾತ್ರಿಗೆ ಇಟ್ಟು ನೋಡಿದವರು ಡಚ್ ಸಂಶೋಧಕ ಥಿಯೋ ಬೊಯ್ಟೆನ್. ಶ್ನೌಫರ್‌ನ ಜೀವನಚರಿತ್ರೆ ಬರೆದ ಪೀಟರ್ ಹಿಂಚ್‌ಲಿಫ್ ಅಂತೂ ಸ್ವತಃ ಬ್ರಿಟಿಷ್ ವಾಯುಪಡೆಯ ಬಾಂಬರ್ ಕಮಾಂಡ್‌ನ ನ್ಯಾವಿಗೇಟರ್ ಆಗಿದ್ದವರು. ಬೇಟೆಗಾರನ ಕಥೆಯನ್ನು ಬೇಟೆಯ ಕಡೆಯವರೇ ಬರೆದರು ಎಂದರೂ ಸರಿಯೇ.

ನೆಲದ ಮೇಲೆ ಬಿದ್ದವಕ್ಕೆ ಸಮಾಧಿಗಳ ಆಧಾರ ಸಿಗುತ್ತದೆ. ಯುದ್ಧ ಮುಗಿದ ಮೇಲೆ ಬ್ರಿಟಿಷ್ ವಾಯುಪಡೆಯ ಶೋಧ ತಂಡಗಳು ಊರೂರು ಸುತ್ತಿ, ಗುಂಡಿ ತೆಗೆಸಿ, ಬಟ್ಟೆಯ ಗುರುತು, ಉಂಗುರ, ಎಂಜಿನ್ ಸಂಖ್ಯೆ ಹಿಡಿದು ಹೆಸರು ಪತ್ತೆ ಮಾಡಿದವು. ಸಮುದ್ರಕ್ಕೆ ಬಿದ್ದವರ ಮಾತೇ ಬೇರೆ. ಸಮಾಧಿ ಗೊತ್ತಿಲ್ಲದ 20 ಸಾವಿರಕ್ಕೂ ಹೆಚ್ಚು ವಾಯುಸೈನಿಕರ ಹೆಸರುಗಳು ಇಂಗ್ಲೆಂಡಿನ ರನ್ನಿಮೀಡ್ ಸ್ಮಾರಕದ ಗೋಡೆಗಳ ಮೇಲಿವೆ. ಉತ್ತರ ಸಮುದ್ರದ ಮೇಲಿನ ಗೆಲುವೊಂದನ್ನು ಬಿಡಿಸಹೊರಟವರು, ಆ ರಾತ್ರಿ ಕಾಣೆಯಾದ ಮೂರು ನಾಲ್ಕು ವಿಮಾನಗಳ ಸಂಖ್ಯೆಗಳನ್ನು ಒಂದೇ ಸಾಲಿನಲ್ಲಿ ಬರೆದು, ಎದುರಿಗೆ 'ಇವುಗಳಲ್ಲಿ ಒಂದು' ಎಂದು ನಮೂದಿಸಿ ಮುಂದಿನ ರಾತ್ರಿಗೆ ಹೋಗುತ್ತಾರೆ.